ಪದೇ ಪದೇ ಕೇಳುವ ಪ್ರಶ್ನೆಗಳು: ದಾಸೋಹದಲ್ಲಿ ಕಷ್ಟದ ಸೇವೆ ಪಾಲಿಗೆ ಬಂದಾಗ

ಜಾತ್ರೆಯ ಮಹಾದಾಸೋಹವಿರಲಿ, ಮಠದ ದಿನನಿತ್ಯದ ಪ್ರಸಾದ ನಿಲಯವಿರಲಿ, ಸೇವೆಗೆಂದು ಬರುವವರ ಕಣ್ಣಿಗೆ ಮೊದಲು ಬೀಳುವುದು ಬಡಿಸುವ ಕೆಲಸ. ಕೈ ಬೇಕಾಗಿರುವುದು ಮಾತ್ರ ಹೆಚ್ಚಾಗಿ ಬೇರೆ ಕಡೆ: ಎಂಜಲೆಲೆ ಎತ್ತಲು, ಕೊಪ್ಪರಿಗೆ ಉಜ್ಜಲು, ಚಪ್ಪಲಿ ಕಾಯಲು, ಜೋಳಿಗೆ ಹಿಡಿದು ಮನೆಮನೆಗೆ ಹೋಗಲು. ಈ ಕೆಲಸಗಳನ್ನು ದೇವರ ಅಪ್ಪಣೆಯೆಂದು ಒಪ್ಪಿಕೊಂಡವರಿಗೂ, ಒಪ್ಪಿಕೊಳ್ಳಲಾಗದೆ ಒದ್ದಾಡುತ್ತಿರುವವರಿಗೂ ಇಲ್ಲಿ ಉತ್ತರಗಳಿವೆ.

ಬಡಿಸುವ ಸೇವೆ ಸಿಗುತ್ತದೆಂದು ಬಂದೆ. ಎಂಜಲೆಲೆ ಎತ್ತಲು ಹಾಕಿದ್ದಾರೆ. ಬದಲಾಯಿಸಿಕೊಡಿ ಎಂದು ಕೇಳಬಹುದೇ?

ಸೊಂಟನೋವು, ಮಂಡಿನೋವು, ಕೈಯಲ್ಲಿ ಗಾಯ ಇದ್ದರೆ ಸಂಕೋಚವಿಲ್ಲದೆ ಕೇಳಿ. ಕೂತು ಮಾಡುವ ಕೆಲಸಕ್ಕೆ ಎಲ್ಲ ಕಡೆಯೂ ಜನ ಬೇಕು: ತರಕಾರಿ ಹೆಚ್ಚುವುದು, ಬೇಳೆ ಆರಿಸುವುದು, ಬೆಳ್ಳುಳ್ಳಿ ಸುಲಿಯುವುದು. ಮನಸ್ಸು ಒಪ್ಪುತ್ತಿಲ್ಲ ಎಂಬುದಷ್ಟೇ ಕಾರಣವಾದರೆ ಒಂದು ಹೊತ್ತಾದರೂ ಹೇಳಿದ ಕೆಲಸವನ್ನೇ ಮಾಡಿ.

ಯಾಕೆಂದು ಲೆಕ್ಕ ಹಾಕಿ ನೋಡಿ. ಸಾವಿರ ಜನ, ಪಂಕ್ತಿಗೆ 200ರಂತೆ ಐದು ಪಂಕ್ತಿ. ನಡುವೆ ನಾಲ್ಕು ಸಲ ನೆಲ ಸ್ವಚ್ಛವಾಗಬೇಕು. ಎಲೆ ಎತ್ತುವವರು ಪ್ರತಿ ಸಲ ಹತ್ತು ನಿಮಿಷ ತಡಮಾಡಿದರೆ ಕೊನೆಯ ಪಂಕ್ತಿ 40 ನಿಮಿಷ ಹಿಂದೆ ಬೀಳುತ್ತದೆ. ಆ ಪಂಕ್ತಿಯಲ್ಲಿ ಕೂರುವವರು ಯಾರು? ದೂರದಿಂದ ನಡೆದುಬಂದವರು, ಟ್ರ್ಯಾಕ್ಟರ್ ಡ್ರೈವರುಗಳು, ಪೆಂಡಾಲ್ ಕಟ್ಟಿದ ಕೂಲಿಯವರು, ಮಗುವನ್ನು ಸೊಂಟದಲ್ಲಿಟ್ಟುಕೊಂಡು ಸಾಲಿನಲ್ಲಿ ನಿಂತ ತಾಯಂದಿರು. ಅವರ ಊಟದ ಹೊತ್ತು ನಿಮ್ಮ ಕೈಯಲ್ಲಿದೆ.

ಎಂಜಲೆಲೆ ಎತ್ತುವುದಕ್ಕೂ ಒಂದು ಕ್ರಮವಿದೆಯೇ?

ಇದೆ, ಮತ್ತು ಯಾರೂ ಹೇಳಿಕೊಡದೆ ಇರುವುದರಿಂದಲೇ ಈ ಕೆಲಸ ಇಷ್ಟು ಅಸಹ್ಯವೆನಿಸುತ್ತದೆ. ಪಂಕ್ತಿಯ ಕೊನೆಯವರು ಏಳುವವರೆಗೆ ಕೈ ಹಚ್ಚಬೇಡಿ. ಇನ್ನೂ ಉಣ್ಣುತ್ತಿರುವವರ ಪಕ್ಕದ ಎಲೆ ಎತ್ತಿದರೆ ಅವರು ಅರ್ಧಕ್ಕೇ ಏಳುತ್ತಾರೆ. ಇಬ್ಬರು ಜೊತೆಯಾಗಿ, ಬಾಗಿಲಿಗೆ ದೂರದ ತುದಿಯಿಂದ ಶುರುಮಾಡಿ. ಒಬ್ಬರು ಎಲೆ ಮಡಚಿ ಎತ್ತಬೇಕು, ಇನ್ನೊಬ್ಬರು ಮಂಕರಿ ಹಿಡಿದು ಜೊತೆಗೇ ಸರಿಯಬೇಕು. ಬಾಳೆ ಎಲೆಯಾದರೆ ಎರಡು ಬದಿಯನ್ನು ಮೊದಲು ಒಳಕ್ಕೆ ಮಡಚಿ, ಆಮೇಲೆ ಮೇಲಿನಿಂದ ಸುತ್ತಿಕೊಳ್ಳಿ. ಸಾರು ಮಜ್ಜಿಗೆ ಹೊರಗೆ ಹರಿಯುವುದಿಲ್ಲ. ಮುತ್ತುಗದ ಎಲೆಯಾದರೆ ಹೊಲಿದ ಕಡ್ಡಿಗಳು ಬೆರಳಿಗೆ ಚುಚ್ಚುತ್ತವೆ, ಅಂಚು ಹಿಡಿಯದೆ ಅಡಿಯಿಂದ ಅಂಗೈ ಕೊಟ್ಟು ಎತ್ತಿ. ಲೋಟ, ಪ್ಲಾಸ್ಟಿಕ್ ಬಾಟಲಿಗಳನ್ನು ಎಲೆಗಿಂತ ಮೊದಲೇ ಬೇರೆ ಬುಟ್ಟಿಗೆ ಹಾಕಿಬಿಡಿ.

ಎಲೆ ಎತ್ತಿದ ಮೇಲೆ ಹೆಚ್ಚಿನವರು ಮಾಡುವ ತಪ್ಪೆಂದರೆ ನೇರವಾಗಿ ನೀರು ಸುರಿಯುವುದು. ಬಿದ್ದ ಅಗುಳು ನೀರಿಗೆ ಸಿಕ್ಕಿ ನೆಲಕ್ಕೆ ಅರೆದುಕೊಳ್ಳುತ್ತದೆ, ಮುಂದಿನ ಪಂಕ್ತಿಯವರು ಕಾಲು ಜಾರುತ್ತಾರೆ. ಮೊದಲು ಒಣ ಕಸಬರಿಗೆಯಿಂದ ಅಗುಳು ಗುಡಿಸಿ ಮೊರಕ್ಕೆ ತುಂಬಿ, ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಒಣ ಬಟ್ಟೆ.

ಮಂಕರಿ ಮುಕ್ಕಾಲು ತುಂಬುತ್ತಲೇ ಹೊರಗೆ ಸಾಗಿಸಿ. ದನಗಳಿಗೆ ಹಾಕುವುದಾದರೆ ಬರೀ ಎಲೆ ಹಾಕಿ. ರಾಶಿ ಅನ್ನವನ್ನು ಒಮ್ಮೆಗೇ ತಿಂದ ದನಕ್ಕೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಉಬ್ಬರ ಬರುತ್ತದೆ, ಸಾಯುವುದೂ ಉಂಟು. ಪುಣ್ಯವೆಂದುಕೊಂಡು ಮಾಡಿದ್ದು ಆ ಮೂಕಪ್ರಾಣಿಗೆ ಕುತ್ತಾಗಬಾರದು.

ವಾಕರಿಕೆ ಬರುತ್ತದೆ. ನನ್ನ ಭಕ್ತಿ ಕಡಿಮೆಯೆಂದು ಅರ್ಥವೇ?

ಅಲ್ಲ. ಹುಳಿ ವಾಸನೆಗೆ ಹೊಟ್ಟೆ ತೊಳಸುವುದು ಮೈಯ ಗುಣ. ಖಾಲಿ ಹೊಟ್ಟೆಯಲ್ಲಿ ಈ ಕೆಲಸಕ್ಕೆ ನಿಲ್ಲಬೇಡಿ. ಒಂದು ಗಂಟೆ ಮೊದಲು ಉಪ್ಪಿಟ್ಟೋ ಮಂಡಕ್ಕಿಯೋ ಸ್ವಲ್ಪ ತಿಂದಿರಿ. ಮಂಕರಿಗಳನ್ನು ನೆರಳಿನಲ್ಲಿಡಿ, ಬಿಸಿಲಿನಲ್ಲಿಟ್ಟ ಎಲೆಯ ಮಜ್ಜಿಗೆ ಬೇಗ ನಾರುತ್ತದೆ. ಬಾಯಿಯಿಂದ ಉಸಿರಾಡಿ. ಎರಡು ಪಂಕ್ತಿಗೊಮ್ಮೆ ಜೊತೆಗಾರರೊಂದಿಗೆ ಕೆಲಸ ಅದಲುಬದಲು ಮಾಡಿಕೊಳ್ಳಿ. ಕೈಗವಸು ಹಾಕಿಕೊಂಡರೆ ಸೇವೆಯ ಬೆಲೆ ಇಳಿಯುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಮೂರು ದಿನ ಕಳೆಯುವಷ್ಟರಲ್ಲಿ ಹೆಚ್ಚಿನವರಿಗೆ ವಾಸನೆ ಒಗ್ಗುತ್ತದೆ. ಒಗ್ಗದಿದ್ದರೂ ಚಿಂತೆಯಿಲ್ಲ, ಮುಖ ಸಿಂಡರಿಸಿಕೊಂಡೇ ಮಾಡಿ ಮುಗಿಸಿದ ಸೇವೆಯೂ ಪೂರ್ತಿ ಸೇವೆಯೇ.

ಇಂಥ ಕೆಲಸವನ್ನು ದೇವರೇ ಹೇಳಿದ್ದಾನೆಂದು ಹೇಗೆ ನಂಬುವುದು? ಇದು ಬರೀ ಕಮಿಟಿಯವರ ಹಂಚಿಕೆಯಲ್ಲವೇ?

ಹಂಚಿಕೆ ಕಮಿಟಿಯವರದೇ. ಹಸಿವು ಅವರದಲ್ಲ. ಎದುರಿಗಿರುವ ಹಸಿವನ್ನೇ ಅಪ್ಪಣೆಯೆಂದು ತಿಳಿಯುವುದು ಶರಣರ ದಾರಿ. ಅಲ್ಲಿ ದೊಡ್ಡ ಕೆಲಸ, ಸಣ್ಣ ಕೆಲಸ ಎಂಬ ಏಣಿಯೇ ಇಲ್ಲ. 12ನೇ ಶತಮಾನದ ನುಲಿಯ ಚಂದಯ್ಯ ಹೊಡಕೆ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ದಾಸೋಹ ನಡೆಸಿದವರು. ಹುಲ್ಲು ಕೊಯ್ಯುವಾಗ ಅವರ ಕೊರಳ ಲಿಂಗ ಜಾರಿಬಿತ್ತು, ಕಾಯಕ ನಿಲ್ಲಿಸಿ ಅದನ್ನೆತ್ತಿಕೊಳ್ಳಲು ಅವರು ಒಪ್ಪಲಿಲ್ಲ, ಕೊನೆಗೆ ಲಿಂಗಯ್ಯನೇ ಅವರ ಹಗ್ಗ ಮಾರಲು ಹೋಗಬೇಕಾಯಿತು ಎಂದು ಶರಣರ ಕಥೆ ಹೇಳುತ್ತದೆ. ದೇವರಿಗೂ ಕಾಯಕ ತಪ್ಪಲಿಲ್ಲವೆಂಬಷ್ಟು ಕಟ್ಟುನಿಟ್ಟು ಅದು. ವೈಷ್ಣವರ ಮನೆಗಳಲ್ಲಿ ಹೇಳುವ ಕಥೆಯೂ ಇದೇ ದಿಕ್ಕಿನದು: ಧರ್ಮರಾಯನ ರಾಜಸೂಯದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೊಣೆ ಬಂದಾಗ ಬಂದವರ ಕಾಲು ತೊಳೆಯುವ ಕೆಲಸ ಕೃಷ್ಣನದಾಯಿತು. ಅಗ್ರಪೂಜೆ ಸಂದದ್ದೂ ಅದೇ ಯಾಗದಲ್ಲಿ, ಅವನಿಗೇ.

ಅನುಮಾನ ಉಳಿದಿದ್ದರೆ ಹೀಗೆ ಪರೀಕ್ಷಿಸಿ. ಈ ಕೆಲಸ ನಿಂತರೆ ಯಾರಿಗಾದರೂ ಊಟ ತಪ್ಪುತ್ತದೆಯೇ, ತೊಂದರೆಯಾಗುತ್ತದೆಯೇ? ಆಗುವುದಾದರೆ ಮಾಡಿ. ಯಾರಿಗೂ ಏನೂ ಆಗದು, ಬರೀ ಯಾರದೋ ದೊಡ್ಡಸ್ತಿಕೆ ಮೆರೆಯುವುದಕ್ಕೆ ಹೇಳಿದ ಕೆಲಸವಾದರೆ ಅದನ್ನು ದೇವರ ತಲೆಗೆ ಕಟ್ಟಬೇಕಿಲ್ಲ.

ನಾನು ನಿವೃತ್ತ ಅಧಿಕಾರಿ. ಇಪ್ಪತ್ತರ ಹುಡುಗ ಎಲ್ಲರೆದುರು "ಬೇಗ ಬೇಗ ಎತ್ತಿ ಸಾರ್, ನಿಂತು ನೋಡ್ಬೇಡಿ" ಎಂದು ಗದರಿದ. ವಾಪಸು ಹೋಗಲೇ?

ಆ ಹೊತ್ತಿಗೆ ಎಲೆ ಎತ್ತಿ. ಪಂಕ್ತಿ ನಡೆಯುವಾಗ ಮಾತಿಗೆ ಮಾತು ಬೆಳೆಸಿದರೆ ಕೆಲಸ ನಿಲ್ಲುವುದು ಇಬ್ಬರದು, ಕಾಯುವವರು ನೂರಾರು ಮಂದಿ. ಆ ಹುಡುಗ ಪ್ರಾಯಶಃ ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹೊತ್ತಿಸಿದವನು. ಎಲ್ಲ ಮುಗಿದು, ಅವನೂ ಉಂಡ ಮೇಲೆ, ಪಕ್ಕಕ್ಕೆ ಕರೆದು ಹೇಳಿ: "ತಮ್ಮಾ, ಕೆಲಸ ಹೇಳು, ಮಾಡ್ತೀನಿ. ದನಿ ಸ್ವಲ್ಪ ಇಳಿಸಿ ಹೇಳು." ಇಷ್ಟು ಸಾಕು. ಮಾರನೆಯ ದಿನವೂ ಅದೇ ನಡೆದರೆ ಉಸ್ತುವಾರಿಗೆ ತಿಳಿಸಿ. ಬೈಗುಳ ತಿನ್ನುವುದು ಸೇವೆಯ ಭಾಗವಲ್ಲ.

ಆದರೆ ಒಂದನ್ನು ಗಮನಿಸಿ. ನೋವಾದದ್ದು ಅವನ ದನಿಗೋ, ಅವನ ವಯಸ್ಸಿಗೋ? ಅದೇ ಮಾತನ್ನು ಸ್ವಾಮಿಗಳು ಆಡಿದ್ದರೆ ನಗುತ್ತ ಒಪ್ಪುತ್ತಿದ್ದಿರಾದರೆ, ಸರಿಮಾಡಿಕೊಳ್ಳಬೇಕಾದದ್ದು ನಿಮ್ಮೊಳಗೂ ಸ್ವಲ್ಪ ಇದೆ.

ಹಾಗಾದರೆ ಉಸ್ತುವಾರಿ ಹೇಳಿದ್ದೆಲ್ಲವನ್ನೂ ಕೇಳಬೇಕೇ?

ಇಲ್ಲ. ನಾಲ್ಕು ಕಡೆ ಕೈಕಟ್ಟಿ ನಿಂತು "ಆಗುವುದಿಲ್ಲ" ಎನ್ನಲೇಬೇಕು.

ಕೆಟ್ಟ ಅಡುಗೆ ಬಡಿಸಲು ಹೇಳಿದರೆ. ಬೇಸಿಗೆಯಲ್ಲಿ ಅನ್ನ, ಸಾಂಬಾರು, ಪಾಯಸ ಆರಿದ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದರೆ ಅಪಾಯ. ಇನ್ನೊಮ್ಮೆ ಕುದಿಸಿದರೆ ಸರಿಹೋಗುತ್ತದೆ ಎನ್ನುವರು, ಅದು ತಪ್ಪು ತಿಳಿವಳಿಕೆ. ಹಳಸುವಾಗ ಹುಟ್ಟುವ ಕೆಲವು ವಿಷಗಳು ಕುದಿಸಿದರೂ ಹೋಗವು. ಸಂಶಯವಿದ್ದರೆ ಆ ಪಾತ್ರೆಯನ್ನು ಪಕ್ಕಕ್ಕಿಟ್ಟು ಹಿರಿಯರನ್ನು ಕರೆಯಿರಿ.

ಶೌಚದ ಗುಂಡಿ, ಮ್ಯಾನ್‌ಹೋಲ್‌ಗೆ ಇಳಿಯಲು ಹೇಳಿದರೆ. ಶೌಚಾಲಯ ತೊಳೆಯುವುದು ದೊಡ್ಡ ಸೇವೆ, ಉದ್ದ ಹಿಡಿಯ ಬ್ರಷ್, ಬೂಟು, ಗವಸು ಹಾಕಿಕೊಂಡು ಮಾಡಿ. ಗುಂಡಿಗೆ ಮನುಷ್ಯರನ್ನು ಇಳಿಸುವುದು ಬೇರೆ ಮಾತು. ಒಳಗಿನ ಗಾಳಿ ಒಂದೆರಡು ಉಸಿರಿನಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆಯೂ ಇದನ್ನು ನಿಷೇಧಿಸಿದೆ. ಯಂತ್ರದ ಗಾಡಿ ಕರೆಸಿ.

ಪಂಕ್ತಿಭೇದ ಮಾಡಲು ಹೇಳಿದರೆ. ಒಬ್ಬರಿಗೆ ಇಲ್ಲಿ, ಇನ್ನೊಬ್ಬರಿಗೆ ಅಲ್ಲಿ. ಒಬ್ಬರಿಗೆ ತುಪ್ಪ, ಇನ್ನೊಬ್ಬರಿಗೆ ಬರೀ ಸಾರು. ಈ ಅಪ್ಪಣೆ ದೇವರದಲ್ಲ.

ಇನ್ನೊಬ್ಬರ ಮಾನ ಕಳೆಯುವುದನ್ನೇ ಭಕ್ತಿಯೆಂದು ಹೇಳಿದರೆ. ಕುಕ್ಕೆಯ ಮಡೆಸ್ನಾನದ, ಅಂದರೆ ಉಂಡೆದ್ದ ಎಂಜಲೆಲೆಗಳ ಮೇಲೆ ಉರುಳುವ ಹರಕೆಯ ವಿಚಾರ ಕೋರ್ಟಿನವರೆಗೂ ಹೋದದ್ದು ನಿಮಗೆ ನೆನಪಿರಬಹುದು. ನಮ್ಮ ನಿಲುವು ಇಷ್ಟು: ಎಂಜಲೆಲೆ ಎತ್ತುವುದರಿಂದ ಇನ್ನೊಬ್ಬರಿಗೆ ಊಟಕ್ಕೆ ಜಾಗವಾಗುತ್ತದೆ, ಅದರ ಮೇಲೆ ಉರುಳಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಪ್ರತಿ ಸಲ ಕೊಳೆ ಕೆಲಸ ಅದೇ ಓಣಿಯವರಿಗೆ, ಅದೇ ಹೆಂಗಸರಿಗೆ ಬೀಳುತ್ತದೆ. ಏನು ಮಾಡಬೇಕು?

ಒಬ್ಬರ ತಲೆಗೇ ಕಟ್ಟಿದ ಕೆಲಸವನ್ನು ಸೇವೆಯೆನ್ನಲಾಗದು, ಅದು ಬಿಟ್ಟಿ ಚಾಕರಿ. ಪಾಳಿಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಎಲೆ, ಪಾತ್ರೆ, ಶೌಚಾಲಯ, ಬಡಿಸುವುದು, ಹೆಚ್ಚುವುದು ಎಂದು ಐದು ಪಾಳಿ, ಐದು ದಿನ, ಎಲ್ಲರಿಗೂ ಎಲ್ಲವೂ. ಕಮಿಟಿಯ ಅಧ್ಯಕ್ಷರ ಹೆಸರು ಮೊದಲ ದಿನದ ಎಂಜಲೆಲೆ ಪಾಳಿಯಲ್ಲಿರಲಿ. ಸಂಬಳಕ್ಕೆ ಬಂದ ಕೆಲಸಗಾರರಿಗೆ "ದೇವರ ಕೆಲಸ ತಾನೆ" ಎಂದು ಕೂಲಿ ಮುರಿಯುವುದು ದ್ರೋಹ, ಅದನ್ನು ಯಾವ ಪೂಜೆಯೂ ತೊಳೆಯುವುದಿಲ್ಲ.

ಜೋಳಿಗೆ ಹಿಡಿದು ಅಕ್ಕಿ ಬೇಳೆ ಕೇಳಲು ಮನೆಮನೆಗೆ ಹೋಗಬೇಕಂತೆ. ಭಿಕ್ಷೆ ಬೇಡಿದಂತಾಗುತ್ತದೆ, ನಾಚಿಕೆ.

ಬೇಡುವುದೇ ಸರಿ, ಇನ್ನೊಬ್ಬರ ಹೊಟ್ಟೆಗಾಗಿ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (1907–2019) ಮಠದ ಮಕ್ಕಳ ಅನ್ನಕ್ಕಾಗಿ ಊರೂರು ತಿರುಗಿ ಧಾನ್ಯ ಕೇಳಿ ತಂದವರು. ಮುಂದೆ ಆ ಮಠದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನಡೆದುಬಂದದ್ದರ ಬುಡದಲ್ಲಿ ಆ ಜೋಳಿಗೆಯಿದೆ. ತಾವು ತೀರಿಕೊಂಡರೆ ಮಕ್ಕಳ ಊಟ ಮುಗಿದ ಮೇಲೆ ಸುದ್ದಿ ತಿಳಿಸಬೇಕೆಂದು ಅವರು ಹೇಳಿಟ್ಟಿದ್ದರು. 2019ರ ಜನವರಿ 21ರಂದು ಹಾಗೆಯೇ ನಡೆಯಿತು.

ಹೋಗುವ ರೀತಿ: ಇಬ್ಬರು ಹೋಗಿ, ರಸೀದಿ ಪುಸ್ತಕ ಒಯ್ಯಿರಿ. ಅಡುಗೆ ಊಟದ ಹೊತ್ತು ಬಿಟ್ಟು ಬೆಳಿಗ್ಗೆ ಹತ್ತರ ಮೇಲೆ ಅಥವಾ ಸಂಜೆ ನಾಲ್ಕರ ಮೇಲೆ ಹೋಗಿ. ಅಕ್ಕಿ, ಬೇಳೆ, ಜೋಳ, ರಾಗಿಗೆ ಬೇರೆ ಬೇರೆ ಚೀಲ. ಹೊಸ ಅಕ್ಕಿ, ಹಳೆ ಅಕ್ಕಿಯನ್ನು ಮಾತ್ರ ಬೆರೆಸಲೇಬೇಡಿ. ಹಳೆಯದಕ್ಕೆ ನೀರು ಹೆಚ್ಚು ಬೇಕು, ಅದು ಬೇಯುವಷ್ಟರಲ್ಲಿ ಹೊಸದು ಮುದ್ದೆಯಾಗುತ್ತದೆ. ಇಡೀ ಕೊಪ್ಪರಿಗೆ ಹಾಳು. ಇಲ್ಲವೆಂದ ಮನೆಯವರಿಗೂ "ಊಟಕ್ಕೆ ಬನ್ನಿ" ಎಂದು ಕರೆದು ಮುಂದೆ ಹೋಗಿ. ಬೇಕಾದಷ್ಟು ಸೇರಿದ ದಿನ ನಿಲ್ಲಿಸಿ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಹೇಳಿ ವಾಪಸು ಕಳಿಸಿದರು. ದಾಸೋಹದ ಉಗ್ರಾಣಕ್ಕೆ ಲಕ್ಕಮ್ಮನಂಥವರೊಬ್ಬರು ಬೇಕು.

ದೊಡ್ಡ ಪಾತ್ರೆ ಉಜ್ಜುವ ಪಾಳಿ ಬಂದಿದೆ. ಏನೇನು ತಿಳಿದಿರಬೇಕು?

ಖಾಲಿಯಾದ ತಕ್ಷಣ ನೀರು ತುಂಬಿ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಒಣಗಿದ ಅನ್ನ ಸಿಮೆಂಟಿನಷ್ಟು ಗಟ್ಟಿ. ತಳ ಹಿಡಿದ ಸ್ಟೀಲ್ ಪಾತ್ರೆಗೆ ಮೂರು ಬೆರಳು ನೀರು ಹಾಕಿ, ಒಂದು ಹಿಡಿ ಅಡುಗೆ ಸೋಡಾ ಬೆರೆಸಿ, ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಮರದ ಹುಟ್ಟಿನಿಂದ ಎಬ್ಬಿಸಿ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಬೇಡ, ಕಪ್ಪಾಗುತ್ತದೆ. ಹಿತ್ತಾಳೆ ಕೊಪ್ಪರಿಗೆಯ ಹೊರಮೈಗೆ ಹುಣಸೆಹಣ್ಣು, ತೆಂಗಿನ ನಾರು, ಬೂದಿ ಆಗಬಹುದು. ಒಳಗೆ ಮಾತ್ರ ಮರಳು, ಕಬ್ಬಿಣದ ಜುಂಗು ಹಾಕಿ ಉಜ್ಜಬೇಡಿ. ಕಲಾಯಿ ಎದ್ದುಹೋದರೆ ಹುಳಿ ಪದಾರ್ಥ ಹಿತ್ತಾಳೆಗೆ ತಾಗಿ ಕಿಲುಬು ಬಿಡುತ್ತದೆ, ಉಂಡವರಿಗೆ ವಾಂತಿಯಾಗುತ್ತದೆ. ಒಳಗೆ ಹಳದಿ ಕಾಣಿಸಿತೆಂದರೆ ಆ ಪಾತ್ರೆಯನ್ನು ಕಲಾಯಿಗೆ ಎತ್ತಿಡಿ. ರಾತ್ರಿ ಅಂಗೈಗೆ, ಉಗುರು ಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಇಲ್ಲದಿದ್ದರೆ ಮೂರನೆಯ ದಿನಕ್ಕೆ ಚರ್ಮ ಬಿರಿಯುತ್ತದೆ.

ಚಪ್ಪಲಿ ಕಾಯುವುದೂ ಸೇವೆಯೇ?

ಹೌದು. ಬೀದರಿನ ನಾನಕ್ ಝೀರಾ ಸೇರಿದಂತೆ ಸಿಖ್ಖರ ಗುರುದ್ವಾರಗಳಲ್ಲಿ ಬಂದವರ ಪಾದರಕ್ಷೆ ನೋಡಿಕೊಳ್ಳುವುದನ್ನು ಮನೆತನ, ಅಂತಸ್ತು ನೋಡದೆ ಕೇಳಿ ಪಡೆಯುತ್ತಾರೆ. ಎರಡೂ ಚಪ್ಪಲಿಗೆ ಒಂದೇ ನಂಬರಿನ ಟೋಕನ್, ಹತ್ತತ್ತರ ಸಾಲು, ಮಕ್ಕಳದು ಮುಂದೆ. ಮಳೆಗಾಲದಲ್ಲಿ ತಲೆಕೆಳಗು ಮಾಡಿಡಿ. ಟೋಕನ್ ಕಳೆದುಕೊಂಡವರನ್ನು ಕಾಯಿಸಿ, ಕೊನೆಗೆ ಉಳಿದದ್ದನ್ನು ತೋರಿಸಿ. ಹೇಳಿದ ಕೂಡಲೇ ಕೊಟ್ಟರೆ ಇನ್ನೊಬ್ಬರು ಬರಿಗಾಲಲ್ಲಿ ಹೋಗಬೇಕಾಗುತ್ತದೆ.

ಸಾವಿರ ಜನರ ಊಟಕ್ಕೆ ಅಂದಾಜು ಎಷ್ಟು ಬೇಕು? ನಾವು ಅಷ್ಟು ಕಷ್ಟಪಟ್ಟರೂ ಜನ ಎಲೆಯಲ್ಲಿ ಬಿಡುತ್ತಾರೆ, ಸಿಟ್ಟು ಬರುತ್ತದೆ.

ಅನ್ನವೇ ಮುಖ್ಯವಾದ ಊಟಕ್ಕೆ ಅಕ್ಕಿ 110ರಿಂದ 120 ಕೆ.ಜಿ., ತೊಗರಿಬೇಳೆ 25ರಿಂದ 30 ಕೆ.ಜಿ., ಸಿದ್ಧವಾದ ಸಾಂಬಾರು 200ರಿಂದ 250 ಲೀಟರ್, ಮಜ್ಜಿಗೆ 150 ಲೀಟರ್, ಕುಡಿಯುವ ನೀರು 500 ಲೀಟರ್, ಕೈ ತೊಳೆಯಲು ಇನ್ನೊಂದು ಸಾವಿರ. ರೊಟ್ಟಿಯೂ ಇದ್ದರೆ ಅಕ್ಕಿ ಕಾಲುಭಾಗ ಇಳಿಸಿ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಊರವರು ಜೋಳದ ರೊಟ್ಟಿ ಬಡಿದು ಗಾಡಿ ತುಂಬಿ ತರುವುದನ್ನು ನೋಡಿದ್ದರೆ, ಈ ಹೊರೆ ಹೇಗೆ ಹಂಚಿಕೊಳ್ಳಬಹುದೆಂದು ತಿಳಿಯುತ್ತದೆ.

ಎಲೆಯಲ್ಲಿ ಉಳಿಯುವುದಕ್ಕೆ ಅರ್ಧ ಕಾರಣ ಬಡಿಸುವವರೇ. ಮೊದಲ ಸಲವೇ ದೊಡ್ಡ ತಟ್ಟೆಯಲ್ಲಿ ಸುರಿದು ಓಡುತ್ತಾರೆ. ಸಣ್ಣ ಸೌಟಿನಲ್ಲಿ ಎರಡು ಸಲ ಬಡಿಸಿ, ಮೂರನೆಯ ಸಲ ಕೇಳಿ ಬಡಿಸಿ. ಮಕ್ಕಳಿಗೆ ಅರ್ಧ. ಉಂಡವರನ್ನು ಗದರಿಸಬೇಡಿ, ಹಸಿದು ಬಂದವರು ಎಷ್ಟು ಉಂಡಾರೆಂಬುದು ಅವರಿಗೂ ಗೊತ್ತಿರುವುದಿಲ್ಲ.

ವಾರಗಟ್ಟಲೆ ಮಾಡುತ್ತಿದ್ದೇನೆ. ಭಕ್ತಿ ಉಕ್ಕುವುದಿಲ್ಲ, ಬರೀ ದಣಿವು.

ನಿದ್ದೆ ಎಷ್ಟಾಗುತ್ತಿದೆ, ಹೊತ್ತಿಗೆ ಉಣ್ಣುತ್ತಿದ್ದೀರಾ ಎಂದು ಮೊದಲು ನೋಡಿಕೊಳ್ಳಿ. ಎಲ್ಲರಿಗೂ ಬಡಿಸಿ ತಾವು ಮೂರೂವರೆಗೆ ಆರಿದ ಅನ್ನ ಉಣ್ಣುವವರಿಗೆ ಎರಡನೆಯ ವಾರದಲ್ಲಿ ಈ ಬೇಸರ ಖಂಡಿತ. ಒಂದು ಪಂಕ್ತಿ ಬಿಟ್ಟು ಕೂತು ಉಣ್ಣಿ. ವಾರಕ್ಕೊಂದು ದಿನ ರಜೆ ಮಾಡಿ. ಹರಕೆ ಹೊರುವಾಗಲೇ 48 ದಿನ ಎಂದು ಹೊರಬೇಡಿ, ಐದು ದಿನ ಪೂರ್ತಿ ಮಾಡಿ, ಆಮೇಲೆ ಮುಂದಿನ ಐದು.

ಇಷ್ಟಾದ ಮೇಲೂ ಒಳಗೆ ಒಣಗಿದಂತಿದ್ದರೆ ಅದನ್ನು ದೇವರೆದುರೇ ಹೇಳಿಕೊಳ್ಳಿ. ಬಸವಾದಿ ಶರಣರಾಗಲಿ ದಾಸರಾಗಲಿ ತಮ್ಮ ಬೇಸರವನ್ನು ಅವನಿಂದ ಮುಚ್ಚಿಡಲಿಲ್ಲ, ಜಗಳವಾಡಿದ್ದೂ ಉಂಟು. ಸಾಕೆನಿಸಿದೆ ಎಂದು ಅವನಿಗೆ ಹೇಳಿ ಮತ್ತೆ ಮಂಕರಿ ಹಿಡಿದ ದಿನ ನೀವು ಕೊಟ್ಟದ್ದು, ಹುರುಪಿನಲ್ಲಿ ಬಂದ ಮೊದಲ ದಿನ ಕೊಟ್ಟದ್ದಕ್ಕಿಂತ ಹೆಚ್ಚೆಂದು ನಾವು ನಂಬುತ್ತೇವೆ.

ಫೋಟೊ ಹಾಕಿಕೊಳ್ಳಬಹುದೇ?

ಉಣ್ಣುತ್ತಿರುವವರ ಮುಖ ಬೇಡ. ನಿಮ್ಮದು ನಿಮಗೆ ಬಿಟ್ಟದ್ದು. ಪಂಕ್ತಿ ನಡೆಯುವಾಗ ಫೋನು ಚೀಲದಲ್ಲಿರಲಿ.

ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಮಠದ ಸೇವೆಗೆ ಬರಲಾಗುತ್ತಿಲ್ಲವೆಂಬ ಕೊರಗು.

ನಿಮಗೆ ಬಂದ ಅಪ್ಪಣೆ ಆ ಕೋಣೆಯಲ್ಲಿದೆ, ಇಲ್ಲಿಗಿಂತ ಕಠಿಣವಾದದ್ದು. ಇಲ್ಲಿ ಪಾಳಿ ಮುಗಿಯುತ್ತದೆ, ನಾಲ್ಕು ಜನ ಜೊತೆಗಿರುತ್ತಾರೆ. ಅಲ್ಲಿ ರಾತ್ರಿ ಎರಡಕ್ಕೆ ಬಟ್ಟೆ ಬದಲಾಯಿಸುವಾಗ ನೀವೊಬ್ಬರೇ, ಅತ್ತೆಯವರು ಬೈದರೂ ಬೈಯಬಹುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮಂಡಿಗಳ ನಡುವೆ ದಿಂಬು ಇಡಿ, ಹಿಮ್ಮಡಿ ಹಾಸಿಗೆಗೆ ಒತ್ತದಂತೆ ನೋಡಿಕೊಳ್ಳಿ. ಬೆನ್ನ ಕೆಳಗೆ, ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಗಿದ್ದು, ಬೆರಳಿನಿಂದ ಒತ್ತಿದರೂ ಬಿಳುಚದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ಅಲ್ಲಿ ತಿಕ್ಕಬೇಡಿ, ಭಾರ ತಪ್ಪಿಸಿ ನರ್ಸನ್ನೋ ವೈದ್ಯರನ್ನೋ ಕೇಳಿ. ಕೂರಿಸಿಯೇ ಊಟ ಕೊಡಿ, ಊಟವಾಗಿ ಅರ್ಧ ಗಂಟೆ ಮಲಗಿಸಬೇಡಿ.

ನಾದಿನಿ, ಮೈದುನ, ಗಂಡ ಯಾರಿದ್ದರೂ ವಾರಕ್ಕೆ ಎರಡು ಹೊತ್ತು ಅವರಿಗೆ ವಹಿಸಿ. ಕೇಳುವುದು ಸೋಲಲ್ಲ. ಮಠದಿಂದ ಪ್ರಸಾದ ತಂದುಕೊಡುವವರನ್ನು ಗೊತ್ತುಮಾಡಿಕೊಳ್ಳಿ, ಅಷ್ಟರಮಟ್ಟಿಗೆ ನಾವು ನಿಮಗೆ ಸೇವೆ ಮಾಡಬೇಕು.

ಹೊಟ್ಟೆ ಕೆಟ್ಟಿದೆ, ಆದರೆ ಹರಕೆಯ ದಿನ ತಪ್ಪಿಸಲಾರೆ. ಮಾಸ್ಕ್ ಹಾಕಿಕೊಂಡು ಬಡಿಸಬಹುದೇ?

ಬೇಡ. ಬೇಧಿಯೋ ವಾಂತಿಯೋ ನಿಂತು 48 ಗಂಟೆ ಕಳೆಯುವವರೆಗೆ ಅಡುಗೆಮನೆ, ಪಂಕ್ತಿ, ಪಾತ್ರೆ ಯಾವುದರ ಹತ್ತಿರವೂ ಬರಬೇಡಿ. ಕೈಯಲ್ಲಿ ಕೀವಾದ ಗಾಯವಿದ್ದರೂ ಇದೇ ಮಾತು. ಹರಕೆಯ ದಿನ ಮನೆಯಲ್ಲಿ ಕೂರುವುದು ಎಂಜಲೆಲೆ ಎತ್ತುವುದಕ್ಕಿಂತ ಕಷ್ಟವೆನಿಸಬಹುದು, ಆದರೂ ಕೂತಿರಿ. ಉಸ್ತುವಾರಿಗೆ ಹಿಂದಿನ ರಾತ್ರಿಯೇ ಫೋನ್ ಮಾಡಿದರೆ ನಿಮ್ಮ ಪಾಳಿಗೆ ಬೇರೆಯವರನ್ನು ಹಾಕಿಕೊಳ್ಳುತ್ತಾರೆ. ತಪ್ಪಿದ ದಿನವನ್ನು ಹರಕೆಯ ಕೊನೆಗೆ ಸೇರಿಸಿಕೊಳ್ಳಿ.